ಇಬ್ಬರೂ ಒಬ್ಬಳೇ

ಒಂದು ಕಾಳು ಬೆರಳ ಸಂದಿಯಿಂದ ಚಿಮ್ಮಿ ಫ್ರಿಜ್ಜಿನ ಕೆಳಗೆ ಹೋಯಿತು. ಚಂದ್ರಲೇಖಾ ಅದನ್ನು ಹಾಗೇ ಬಿಟ್ಟಳು. ನೆನೆಸಿದ ಅವರೆಕಾಳು ಹಿತುಕುವಾಗ ಒಂದೆರಡು ಕೈತಪ್ಪುವುದೇ. ಅವುಗಳ ಹಿಂದೆ ಓಡುತ್ತ ಕೂತರೆ ಸಾರು ಆದ ಹಾಗೆಯೇ.

ಹಾಲಿನಲ್ಲಿ ಗಂಡ ಲಕ್ಷ್ಮೀಪತಿ ಅಫಿಡವಿಟ್ಟು ಓದುತ್ತಿದ್ದ. ಹೊಸೂರಿನ ಮೂಕಂಡಪಲ್ಲಿಯ ಕಾರ್ಖಾನೆಯೊಂದರಲ್ಲಿ ಅವನದು ತಪಾಸಣೆಯ ಕೆಲಸ. ಯಾವ ಕಾಗದ ಸಿಕ್ಕಿದರೂ ಎಲ್ಲಿ ಬಿರುಕಿದೆ ಎಂದು ಹುಡುಕುವವನಂತೆ ಓದುತ್ತಾನೆ. ತಮಿಳಿನಲ್ಲಿದ್ದದ್ದನ್ನು ಅಲ್ಲಲ್ಲೇ ಕನ್ನಡ ಮಾಡಿ ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದ.

"ಚಿನ್ನಸ್ವಾಮಿಯವರ ಮಗಳು ವರಲಕ್ಷ್ಮಿ, ಲಕ್ಷ್ಮೀಪತಿಯವರ ಹೆಂಡತಿ ಚಂದ್ರಲೇಖಾ, ಈ ಇಬ್ಬರೂ ಒಬ್ಬಳೇ, ಅವಳು ನಾನೇ ಅಂತ ಸತ್ಯವಾಗಿ ಪ್ರಮಾಣ ಮಾಡುತ್ತೇನೆ. ಸರಿಯಾಗಿದೆ ತಾನೆ?"

"ಸರಿ ಇರ್ಬೇಕು," ಅಂದಳು.

ಮಗಳು ದೀಪ್ತಿ ಉಪ್ಪಿಟ್ಟಿನ ತಟ್ಟೆಯಿಂದ ತಲೆಯೆತ್ತಿದಳು. "ವರಲಕ್ಷ್ಮಿ ಅಂದ್ರೆ ಅಜ್ಜಿ ಅಲ್ವಾ?"

"ನಿನ್ನಮ್ಮಾನೂ ಅದೇ ಆಗಿದ್ಲು," ಅಂದ ಲಕ್ಷ್ಮೀಪತಿ, ಪುಟ ತಿರುವುತ್ತ.

ದೀಪ್ತಿ ನಕ್ಕಳು. ಆಮೇಲೆ ಫೋನು ಬಂತು, ಎದ್ದು ಹೋದಳು.

ಅವಳು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಆ ಹೆಸರು ಖಾಲಿ ಇರಲಿಲ್ಲ. ಅತ್ತೆಯ ಹೆಸರು ವರಲಕ್ಷ್ಮಮ್ಮ. ಸೊಸೆಗೂ ಅದೇ ಹೆಸರಿದ್ದರೆ ನಡೆಯುವುದಿಲ್ಲ. ಸೊಸೆಯಾದವಳನ್ನು ಬೈಯಬೇಕಾಗುತ್ತದೆ, ಬೈದರೆ ಅತ್ತೆಯನ್ನೇ ಬೈದಂತಾಗುತ್ತದೆ. ತಾಯಿಯ ಹೆಸರು ಹಿಡಿದು ಗಂಡ ಹೆಂಡತಿಯನ್ನು ಕೂಗುವುದಾದರೂ ಹೇಗೆ? ಮದುವೆಯ ಮಾರನೆಯ ದಿನ ಪರಾತದಲ್ಲಿ ಅಕ್ಕಿ ಹರಡಿ, ಲಕ್ಷ್ಮೀಪತಿಯ ಕೈಯಿಂದ ಉಂಗುರದಲ್ಲಿ ಚಂದ್ರಲೇಖಾ ಎಂದು ಬರೆಸಿದರು. ಹೆಸರು ಆರಿಸಿದವನೂ ಅವನೇ. ಅದೇ ಅಕ್ಕಿಯಲ್ಲಿ ಪಾಯಸ ಮಾಡಿದರು. ಪಾಯಸ ಚೆನ್ನಾಗಿತ್ತು.

ಇದರ ಬಗ್ಗೆ ಅವಳಿಗೆ ದೂರಿರಲಿಲ್ಲ. ಇದೆಯೋ ಏನೋ ಎಂದು ಆಗಾಗ ಒಳಗೆ ಕೈಹಾಕಿ ತಡವಿ ನೋಡಿದ್ದಳು. ಇರಲಿಲ್ಲ. ಹೊಸ ಹೆಸರು ಹೊಸ ಸೀರೆಯಂತೆ ಎರಡು ಒಗೆತಕ್ಕೆ ಮೆತ್ತಗಾಗಿತ್ತು. ಬಿ.ಎ. ಪಾಸಾದವಳು ವರಲಕ್ಷ್ಮಿ, ಸಾರಿಗೆ ಹದವಾಗಿ ಹುಳಿ ಹಿಂಡಲು ಕಲಿತವಳು ಚಂದ್ರಲೇಖಾ. ಮತ್ತಿಗಿರಿಯ ಶಿಶುವಿಹಾರದಲ್ಲಿ ಅವಳು ಚಂದ್ರಾ ಮಿಸ್. ಅದನ್ನು ನಡೆಸುವವರು ಲಕ್ಷ್ಮೀಪತಿಯ ಪರಿಚಯದವರಾದ್ದರಿಂದ ಸರ್ಟಿಫಿಕೇಟು ಕೇಳಿರಲಿಲ್ಲ. ಡಿಗ್ರಿ ಬೀರುವಿನಲ್ಲಿ ವರಲಕ್ಷ್ಮಿಯ ಹತ್ತಿರವೇ ಉಳಿಯಿತು.

ಅತ್ತೆ ತೀರಿಕೊಂಡ ಮೇಲೆ ಆ ಹೆಸರು ಮನೆಯಲ್ಲಿ ಖಾಲಿಯಾಯಿತು. ಅದನ್ನು ಹಿಂದಕ್ಕೆ ಕೊಡಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಅವಳಿಗೂ.

ಆ ಹೆಸರು ಮತ್ತೆ ನೆನಪಾದದ್ದು ಜಮೀನಿಗೆ ಗಿರಾಕಿ ಬಂದ ಮೇಲೆ.

ಜವಳಗಿರಿಯ ಕಡೆ, ಕಾಡಿನ ಅಂಚಿಗೆ ಅವಳಪ್ಪನದೊಂದು ರಾಗಿ ಹೊಲವಿತ್ತು. ಒಬ್ಬಳೇ ಮಗಳು. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಅದನ್ನು ಅವಳಿಗೆ ಬರೆದುಕೊಟ್ಟಿದ್ದ, ಹಳೆಯ ಹೆಸರಿಗೆ. ಹೀಗೆ ಮಾಡಿದರೆ ನಾಳೆ ತೊಡಕಾಗುತ್ತದೆ ಎಂದು ಬೀಗರು ಹೇಳಿದರೆ ಅಪ್ಪ ಎಲೆಅಡಿಕೆ ಉಗಿದು ಬಂದು ಹೇಳಿದ್ದು ಇಷ್ಟು: "ನಾನಿಟ್ಟ ಹೆಸ್ರಿಗೆ ನಾನು ಬರ್ಸಿವ್ನಿ. ನೀವಿಟ್ಟ ಹೆಸ್ರಿಗೆ ನೀವು ಬರ್ಸಿ."

ಅವರು ಬರೆಸಿದ್ದು ಗ್ಯಾಸ್ ಕನೆಕ್ಷನ್ನು.

ಈಗ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಹೊಲವನ್ನು ಈಚೆಗೆ ಆ ಊರಿಗೆ ಬಂದವರು ಯಾರೋ ಉಳುತ್ತಾರೆ, ಸುಗ್ಗಿಗೆ ಒಂದು ಮೂಟೆ ರಾಗಿ, ಒಂದು ಚೀಲ ಅವರೆಕಾಯಿ ಕಳಿಸುತ್ತಾರೆ. ಕಾಡಾನೆ ತಿಂದು ಬಿಟ್ಟದ್ದರಲ್ಲಿ ಅದು. ವಂಶಿ ಎಂಬ ಲೇಔಟಿನವನು ಅಲ್ಲಿ ತೋಟದ ಮನೆಗಳನ್ನು ಮಾಡುತ್ತಾನಂತೆ. ಆ ಹಣದಲ್ಲಿ ಮಹಡಿ ಕಟ್ಟಿ ದೀಪ್ತಿಗೆ ಕೊಡೋಣ ಎಂದು ಲಕ್ಷ್ಮೀಪತಿ ಹೇಳಿದಾಗ ಚಂದ್ರಲೇಖಾ ತಕ್ಷಣ ಒಪ್ಪಿದ್ದಳು. ಆಮೇಲೆ ಬೇಡ ಅನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ. ಭೂಮಿಯ ಮೇಲೆ ವರಲಕ್ಷ್ಮಿ ಎಂಬವಳಿಗೆ ಸೇರಿದ್ದೆಂದರೆ ಆ ಹೊಲ ಒಂದೇ. ಆದರೆ ಇದು ಕಾರಣವಲ್ಲ. ಹೀಗೆಂದು ಗಂಡನ ಮುಂದೆ, ಅದೂ ತಪಾಸಣೆಯವನ ಮುಂದೆ, ಹೇಳಲಾಗುವುದಿಲ್ಲ.

ಕೈ ತೊಳೆದು ಹೊರಟಳು. ಅಫಿಡವಿಟ್ಟಿಗೆ ನೋಟರಿಯ ಮುಂದೆ ಸಹಿ ಮಾಡುವಾಗ ಪೆನ್ನು ತಡೆಯಲಿಲ್ಲ. ಎರಡು ಹೆಸರನ್ನೂ ಬರೆದಳು. ಚಂದ್ರಲೇಖಾ ಸಲೀಸಾಗಿ ಬಂತು. ವರಲಕ್ಷ್ಮಿ ಕಾಲೇಜಿನ ಹುಡುಗಿಯ ಅಕ್ಷರದಲ್ಲಿ, ಬಾಲ ಸುತ್ತಿಕೊಂಡು ಬಂತು. ನೋಟರಿ ಮುದ್ರೆ ಒತ್ತಿದ. ಒಳ್ಳೆಯ ಬಿಸಿಲಿತ್ತು, ಶಾಲೆಗೆ ರಜೆ ಹಾಕಿದ್ದಳು, ಕಾರಿನಲ್ಲಿ ಮಲ್ಲಿಗೆಯ ವಾಸನೆ. ಅವಳು ಸುಖವಾಗಿದ್ದಳು.

ತೊಡಕು ಬಂದದ್ದು ಸಾಕ್ಷಿಯಲ್ಲಿ.

ರಿಜಿಸ್ಟ್ರಾರ್ ಆಫೀಸಿನ ಎದುರು ಆಸ್ತಿಪತ್ರ ಬರೆಯುವ ಅನಂತ್‌ನ ಅಂಗಡಿ. ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಪತ್ರದಲ್ಲಿ ಇನ್ನೊಂದು. ಬರೀ ಅಫಿಡವಿಟ್ಟು ಸಾಲದು, ಎರಡು ಹೆಸರಿನಲ್ಲೂ ಅಮ್ಮನವರನ್ನು ಬಲ್ಲವರೊಬ್ಬರು ಗುರುತಿನ ಸಾಕ್ಷಿ ಹಾಕಿದರೆ ಆಫೀಸರು ತಕರಾರು ತೆಗೆಯುವುದಿಲ್ಲ ಎಂದ. ಒಬ್ಬ ಸಾಕ್ಷಿಯಾಗಿ ಲಕ್ಷ್ಮೀಪತಿ ತನ್ನ ಕಾರ್ಖಾನೆಯ ಗೆಳೆಯನನ್ನು ತಂದಿದ್ದ. ಅವನಿಗೆ ಗೊತ್ತಿದ್ದದ್ದು ಚಂದ್ರಲೇಖಾ.

"ಯಾರಿದಾರೆ ಹೇಳು," ಅಂದ ಗಂಡ ಅವಳ ಕಡೆ ತಿರುಗಿ. ಫೋನು ಕೈಯಲ್ಲಿ ಹಿಡಿದು ನಿಂತಿದ್ದ, ಹೆಸರು ಹೇಳಿದರೆ ಈಗಲೇ ಕರೆಸುವವನಂತೆ.

ಅವಳು ಯೋಚಿಸಿದಳು. ಹೊಸೂರಿನಲ್ಲಿ ಅವಳನ್ನು ಬಲ್ಲವರು ಬೇಕಾದಷ್ಟಿದ್ದರು. ತರಕಾರಿಯವಳು, ಶಾಲೆಯ ಆಯಾ, ಓದು ಮುಗಿಸಿ ಮೀಸೆ ಬಂದ ಹಳೆಯ ಮಕ್ಕಳು, ನಾದಿನಿಯರು. ಒಬ್ಬೊಬ್ಬರನ್ನೇ ಮನಸ್ಸಿನಲ್ಲಿ ಕರೆದು ನಿಲ್ಲಿಸಿ ಕೇಳಿದಳು. ಒಬ್ಬೊಬ್ಬರೂ ಇಲ್ಲವೆಂದು ತಲೆಯಾಡಿಸಿ ಹೋದರು. ಊರಿನಲ್ಲಿ ಹಳಬರು ಯಾರೂ ಉಳಿದಿರಲಿಲ್ಲ. ಕಾಲೇಜಿನ ಗೆಳತಿಯರು ಈಗ ಯಾವ ಊರಿನಲ್ಲಿದ್ದಾರೋ, ಯಾವ ಹೆಸರಿನಲ್ಲಿದ್ದಾರೋ.

"ನೆನಪಾಗ್ತಿಲ್ಲ," ಅಂದಳು.

"ನೀವಿದೀರಲ್ಲ ಸಾರ್," ಅಂದ ಅನಂತ್.

"ನಾನು ಗಂಡನ ಮನೆಯೋನಪ್ಪ," ಅಂದ ಲಕ್ಷ್ಮೀಪತಿ. ಅವನು ಪ್ರಾಮಾಣಿಕ. "ಮದ್ವೆಗೆ ಮುಂಚೆ ಇವಳನ್ನ ಒಂದೇ ಸಲ ನೋಡಿದ್ದು. ಆವತ್ತು ತಲೆ ಬಗ್ಗಿಸ್ಕೊಂಡು ಕೂತಿದ್ಲು."

ಅನಂತ್ ನಕ್ಕು, ಬಾಗಿಲ ಕಡೆ ನೋಡಿ ಯಾರನ್ನೋ ಕೈಬೀಸಿ ಕರೆದ. ಹೀಗೆ ಬಂದವನು ಬಚ್ಚಪ್ಪ. ವಯಸ್ಸಾದವನು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ತನ್ನದೇ ಆಧಾರ್ ಕಾರ್ಡಿನ ನಕಲುಗಳ ಕಟ್ಟು. ಆ ಬೀದಿಯಲ್ಲಿ ಸಾಕ್ಷಿ ಹಾಕುವುದೇ ಅವನ ಕಸುಬು. ಯಾರ್ಯಾರನ್ನೋ ಹುಟ್ಟಿದಾಗಿನಿಂದ ಬಲ್ಲವನು.

ಲಕ್ಷ್ಮೀಪತಿಗೆ ಇದು ಹಿಡಿಸಲಿಲ್ಲ. ಮುಖ ಬೇರೆ ಕಡೆ ಮಾಡಿ, ಜೆರಾಕ್ಸ್ ಮಾಡಿಸಿಕೊಂಡು ಬರುತ್ತೇನೆಂದು ಗೆಳೆಯನ ಜತೆ ಹೋದ. ಒಪ್ಪಿಗೆ ಕೊಡುವ ಅವನ ರೀತಿ ಅದು. ಇಷ್ಟು ವರ್ಷಗಳಲ್ಲಿ ಅವಳು ಕಲಿತಿದ್ದಳು.

ಬಚ್ಚಪ್ಪ ಪಕ್ಕದ ಅಂಗಡಿಯಿಂದ ಎರಡು ಟೀ ತಂದು ಒಂದನ್ನು ಅವಳಿಗೆ ಕೊಟ್ಟ. ಬೆಂಚಿನ ಆ ತುದಿಯಲ್ಲಿ ಮರ್ಯಾದೆಯಿಂದ ಕೂತ.

"ಒಳ್ಗಡೆ ಇರೋ ಆಫೀಸರಮ್ಮ ಒಂದೊಂದ್ ಸಲ ಕೇಳ್ಬುಡ್ತಾರೆ ತಾಯಿ, ಇವ್ರು ನಿಂಗೆ ಎಂಗ್ ಗೊತ್ತು ಅಂತ. ಅದ್ಕೇ ಒಂದೆಲ್ಡ್ ನಿಜ ಕೊಟ್ಬುಡಿ."

"ಯಾಕೆ?"

"ನಿಜ ಬೆರ್ಸುದ್ರೆ ಸುಳ್ಳು ಗಟ್ಟಿಯಾಯ್ತದೆ. ಗಾರೆ ಸುಣ್ಣಕ್ಕೆ ಬೆಲ್ಲ ಆಕ್ದಂಗೆ."

ಅವಳಿಗೆ ನಗು ಬಂತು. ಊರಿನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು. ಬಚ್ಚಪ್ಪ ತುಟಿಯಲ್ಲೇ ಒಪ್ಪಿಸಿಕೊಂಡ. ಅದು ಸಾಲದು ಎಂಬಂತೆ ಕಾದ.

"ಚಿಕ್ಕೋರಾಗಿ ಎಂಗಿದ್ರಿ? ಮೆತ್ತಗಾ, ಜೋರಾ?"

ಈ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಹೆಣ್ಣು ನೋಡಲು ಬಂದವರು ಹಾಡಲು ಬರುತ್ತದೆಯೇ ಎಂದು ಕೇಳಿದ್ದರು. ದೀಪ್ತಿ ಚಿಕ್ಕವಳಿದ್ದಾಗ ರಾಜಕುಮಾರಿಯ ಕಥೆ ಕೇಳುತ್ತಿದ್ದಳೇ ಹೊರತು ಅಮ್ಮನ ಕಥೆಯನ್ನಲ್ಲ. ಟೀ ಆರುತ್ತಿತ್ತು.

"ಜೋರು," ಅಂದಳು. "ಗಂಟಲು ಜೋರು."

ಆಮೇಲೆ ಅದು ತಾನಾಗಿ ಬಂತು. ಶಿಶುವಿಹಾರದ ನಯವಾದ ಕನ್ನಡದಲ್ಲಿ ಶುರುವಾದದ್ದು ಎರಡು ಮಾತಿನೊಳಗೆ ಹೊಲದ ಕನ್ನಡವಾಯಿತು. ರಾಗಿ ತೆನೆ ಕಟ್ಟಿದರೆ ಆನೆ ಇಳಿಯುತ್ತಿದ್ದವು. ಹೊಲಕ್ಕೊಂದು ಕಾವಲಿನ ಅಟ್ಟಣೆ. ಹೊತ್ತು ಮುಳುಗುವ ವೇಳೆಗೆ ಎಲ್ಲರೂ ಹತ್ತಿ ಕೂತ ಮೇಲೆ ಮೂಡಲ ಕಡೆಯ ಅಟ್ಟಣೆಯಿಂದ ಕೂಗು ಹೊರಡುತ್ತಿತ್ತು. ಪಕ್ಕದ ಹೊಲದವನ ಹೆಸರು ಹಿಡಿದು ಕೂಗಬೇಕು. ಅವನು 'ಓ' ಅನ್ನಬೇಕು, ಅಂದು ತನ್ನ ಪಕ್ಕದವನನ್ನು ಕೂಗಬೇಕು. ಹಾಗೆ ಕೂಗು ಕಾಡಿನ ಅಂಚಿನುದ್ದಕ್ಕೂ ಹೋಗಿ ಹಿಂದಕ್ಕೆ ಬರಬೇಕು. ಯಾರಾದರೂ ಓಗೊಡದಿದ್ದರೆ ಅವರು ಮಲಗಿದ್ದಾರೆ, ಇಲ್ಲವೆ ಆನೆ ಬಂದಿದೆ. ಅಪ್ಪನಿಗೆ ಕೆಮ್ಮು, ಗಂಟಲು ಏಳುತ್ತಿರಲಿಲ್ಲ. ಅವರ ಅಟ್ಟಣೆಯ ಪರವಾಗಿ ಓಗೊಡುವವಳು ಇವಳು. ಇಡೀ ಸಾಲಿನಲ್ಲಿ ಹೆಣ್ಣು ಹೆಸರು ಕೂಗುತ್ತಿದ್ದದ್ದು ಅದೊಂದೇ ಕಡೆ. ವರಲಕ್ಷ್ಮೀ... ಅಂತ ಪಕ್ಕದವರು ಉದ್ದಕ್ಕೆ ಎಳೆಯುತ್ತಿದ್ದರು. ಓ... ಅಂತ ಇವಳು. ಕಾಡು ಅದನ್ನು ಇನ್ನೊಂದು ಸಲ ಹೇಳುತ್ತಿತ್ತು.

ಬಚ್ಚಪ್ಪ ಟೀ ಕುಡಿಯುವುದನ್ನು ಬಿಟ್ಟು ಕೇಳುತ್ತಿದ್ದ. ಅವನ ಮುಖದಲ್ಲಿ ಕಸುಬಿನವನ ಗಮನವಿತ್ತು. ಅದು ಪ್ರೀತಿಯಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಹೊರಗಿನಿಂದ ನೋಡಿದರೆ ಅದು ಪ್ರೀತಿಯಂತೆಯೇ ಕಾಣುತ್ತಿತ್ತು.

"ಸಾಕು ತಾಯಿ," ಅಂದ. "ಇದು ಬೇಕಾದಷ್ಟಾಯ್ತು."

ಲಕ್ಷ್ಮೀಪತಿ ಬಂದಾಗ ಅವಳು ನಗುತ್ತಿದ್ದಳು. ಏನು ಎಂದು ಕೇಳಿದ. ಏನಿಲ್ಲ, ಟೀ ಚೆನ್ನಾಗಿದೆ ಅಂದಳು.

ಆಫೀಸಿನ ಒಳಗೆ ಬೆಂಚುಗಳು ತುಂಬಿದ್ದವು. ಕೊಡುವವರು, ಕೊಳ್ಳುವವರು, ಸಾಕ್ಷಿಗಳು ಮದುವೆಯ ಮನೆಯಲ್ಲಿ ಊಟದ ಪಂಕ್ತಿಗೆ ಕಾದವರಂತೆ ಕೂತಿದ್ದರು. ವಂಶಿ ಬಂದು ಗಂಡನಿಗೆ ತೆಲುಗಿನಲ್ಲಿ ಏನೋ ಹೇಳಿ ಅವಳಿಗೆ ದೂರದಿಂದ ಕೈಮುಗಿದ. ಚಂದ್ರಲೇಖಾ ಗೋಡೆಗೆ ಒರಗಿ ಕಣ್ಣು ಅರೆಮುಚ್ಚಿದಳು. ಎದೆಯೊಳಗೆ ಬೆಚ್ಚಗಿತ್ತು. ಯಾವುದೋ ಗಂಟು ತಾನಾಗಿ ಸಡಿಲವಾದ ಹಾಗೆ.

"ವರಲಕ್ಷ್ಮೀ!"

"ಓ..." ಅಂದಳು.

ಅಟ್ಟಣೆಯ ಮೇಲಿಂದ ಬರಬೇಕಾದ ಓ ಅದು. ಉದ್ದವಾಗಿ, ಹೊಟ್ಟೆಯೊಳಗಿಂದ ಎದ್ದು ಬಂತು. ಇಡೀ ಕೋಣೆ ತಿರುಗಿ ನೋಡಿತು. ಕೂಗಿದ ಜವಾನ ಬಾಗಿಲಲ್ಲೇ ನಿಂತುಬಿಟ್ಟ. ಯಾರೋ ಹುಡುಗಿ ಕಿಸಕ್ಕನೆ ನಕ್ಕಳು.

"ಏನಿದು ಲೇಖಾ?" ಲಕ್ಷ್ಮೀಪತಿ ಹಲ್ಲಿನ ಸಂದಿಯಲ್ಲಿ ಕೇಳಿದ. "ನಿದ್ದೆ ಬಂದಿತ್ತಾ?"

"ಹ್ಞೂಂ. ತೂಕಡಿಸ್ದೆ."

ಆಫೀಸರು ಚಿಕ್ಕ ವಯಸ್ಸಿನ ಹೆಂಗಸು. ಹಳೆಯ ಪತ್ರ ನೋಡಿದಳು, ಕಾರ್ಡು ನೋಡಿದಳು, ಅಫಿಡವಿಟ್ಟು ನೋಡಿದಳು. ಕೊನೆಗೆ ಚಂದ್ರಲೇಖಾಳ ಮುಖ ನೋಡಿದಳು, ಅದೂ ಒಂದು ಲಗತ್ತು ಎಂಬಂತೆ. ಬಲವಂತವಿಲ್ಲದೆ, ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೀರಾ ಎಂದು ತಮಿಳಿನಲ್ಲಿ ಕೇಳಿದಳು. ಹೌದು ಅಂದಳು ಚಂದ್ರಲೇಖಾ. ಆಮೇಲೆ ಆಫೀಸರು ಬಚ್ಚಪ್ಪನ ಕಡೆ ತಿರುಗಿ, ಇವರನ್ನು ನೀವು ಹೇಗೆ ಬಲ್ಲಿರಿ ಎಂದಳು.

ಬಚ್ಚಪ್ಪ ಒಂದು ಹೆಜ್ಜೆ ಮುಂದೆ ಬಂದ.

ಅವನ ತಮಿಳು ಬಹಳ ಚೆನ್ನಾಗಿತ್ತು. ನಮ್ಮ ಹೊಲ ಇವರ ಹೊಲದ ಪಕ್ಕದ್ದು ಅಮ್ಮಾ, ಅಂದ. ಇವರಪ್ಪ ಚಿನ್ನಸ್ವಾಮಿಗೆ ಕೆಮ್ಮು, ಪಾಪ, ಕೂಗಲು ಆಗುತ್ತಿರಲಿಲ್ಲ. ಕತ್ತಲಾಗುವ ಹೊತ್ತಿಗೆ ನಾನೇ ನಮ್ಮ ಅಟ್ಟಣೆಯಿಂದ ವರಲಕ್ಷ್ಮೀ ಎಂದು ಕೂಗುತ್ತಿದ್ದೆ. ಈ ಮಗು ಓ ಅನ್ನುತ್ತಿತ್ತು. ಆಹಾ, ಏನು ಗಂಟಲು. ಆ ಗಂಟಲಿಗೆ ಆನೆ ಹಿಂದೆ ಸರಿಯುತ್ತಿತ್ತು. ಆ ಗಂಟಲನ್ನು ನಾನು ಮರೆಯುತ್ತೇನೆಯೇ? ಈಗ ತಾನೆ ತಾವೂ ಕೇಳಿದಿರಲ್ಲ.

ಕೊನೆಯ ಮಾತು ಅವನ ಸ್ವಂತದ್ದು. ಆಫೀಸರು ಮೊದಲ ಸಲ ನಕ್ಕಳು. ಲಕ್ಷ್ಮೀಪತಿಯೂ ನಕ್ಕ. ಎಲ್ಲಿಂದ ತಂದನಪ್ಪ ಈ ಕಥೆಯನ್ನು ಎಂದು ಗೆಳೆಯನ ಕಿವಿಯಲ್ಲಿ ಪಿಸುಗುಟ್ಟಿದ್ದು ಚಂದ್ರಲೇಖಾಳಿಗೆ ಕೇಳಿಸಿತು.

ಕಥೆ ತಮಿಳಿನಲ್ಲಿ ಇನ್ನೂ ಚೆನ್ನಾಗಿತ್ತು. ಅವಳೂ ಅದನ್ನು ಮೆಚ್ಚಿಕೊಂಡೇ ಕೇಳಿದಳು. ಮುಗಿದ ಮೇಲೆ, ಸುಮ್ಮನೆ, ಆ ಸಂಜೆಯನ್ನು ಮತ್ತೆ ತಂದುಕೊಳ್ಳಲು ನೋಡಿದಳು. ಅಟ್ಟಣೆ ಬಂತು. ಅಪ್ಪನ ಕೆಮ್ಮು ಬಂತು. ಪಕ್ಕದ ಹೊಲದ ಕಡೆ ತಿರುಗಿದರೆ ಅಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಚ್ಚಪ್ಪ ಕೂತಿದ್ದ. ಜೇಬಿನಲ್ಲಿ ನಕಲುಗಳ ಕಟ್ಟು. ಅವಳು ಅವನನ್ನು ತೆಗೆದು, ಅಲ್ಲಿ ನಿಜವಾಗಿ ಕೂರುತ್ತಿದ್ದವನನ್ನು ಕೂರಿಸಲು ನೋಡಿದಳು. ಅವನ ಮುಖ ಬರಲಿಲ್ಲ. ಹೆಸರೂ ಬರಲಿಲ್ಲ. ಮತ್ತೆ ಮತ್ತೆ ಬಚ್ಚಪ್ಪನೇ ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಿದ್ದ.

ಆ ಸಂಜೆಯನ್ನು ಅವನಿಗೆ ಕೊಟ್ಟದ್ದು ಅವಳೇ. ಬಲವಂತವಿರಲಿಲ್ಲ. ಸ್ವಂತ ಇಚ್ಛೆಯಿಂದ ಕೊಟ್ಟಿದ್ದಳು.

"ಹೆಬ್ಬೆಟ್ಟು," ಅಂದಳು ಗುಮಾಸ್ತೆ.

ಕಂಪ್ಯೂಟರಿನ ಪಕ್ಕದ ಕುರ್ಚಿಯಲ್ಲಿ ಅವಳನ್ನು ಕೂರಿಸಿದರು. ಫೋಟೊ ತೆಗೆದರು. ಬೆರಳಿಡುವ ಪುಟ್ಟ ಯಂತ್ರದೊಳಗೆ ಹಸಿರು ಬೆಳಕು ಹತ್ತಿಕೊಂಡಿತ್ತು. ಬೆರಳ ಗೆರೆಗಳು ಸರ್ಕಾರದ ಹತ್ತಿರ ಇರುವ ಗೆರೆಗಳಿಗೆ ಕೂಡಿಬಂದರೆ ಮುಗಿಯಿತು. ಲಕ್ಷ್ಮೀಪತಿ ಕೈಗಡಿಯಾರ ನೋಡಿ, ಹಿತುಕಿಟ್ಟ ಅವರೆಯ ಸಾರು ರಾತ್ರಿಗಾಗಲಿ, ಊಟ ಇಲ್ಲೇ ಹೋಟೆಲಿನಲ್ಲಿ ಮಾಡೋಣ, ನಿನಗಿಷ್ಟವಾದ ರವೆದೋಸೆ ತಿನ್ನು ಎಂದು ಹಿಂದಿನಿಂದ ಬಗ್ಗಿ ಹೇಳಿದ. ಒಳ್ಳೆಯವನು. ರವೆದೋಸೆ ಚಂದ್ರಲೇಖಾಳಿಗೆ ನಿಜವಾಗಿಯೂ ಇಷ್ಟ.

ಅವಳು ಹೆಬ್ಬೆರಳನ್ನು ಗಾಜಿನ ಮೇಲೆ ಇಟ್ಟಳು. ಕಾದ ಹೆಂಚನ್ನು ಮುಟ್ಟಿ ನೋಡುವವರ ಹಾಗೆ, ತಾಗಿಯೂ ತಾಗದ ಹಾಗೆ.

ಕೆಂಪು.

"ಒತ್ತಿ," ಅಂದಳು ಗುಮಾಸ್ತೆ.

ಒತ್ತುತ್ತಿರುವಂತೆ ಭುಜವನ್ನು ಬಗ್ಗಿಸಿದಳು. ಮಣಿಕಟ್ಟನ್ನು ಬಿಗಿ ಮಾಡಿದಳು. ಬೆರಳ ತುದಿ ಮಾತ್ರ ಕೂದಲೆಳೆಯಷ್ಟು ಮೇಲೆ ನಿಂತಿತು. ಇಷ್ಟು ಚೆನ್ನಾಗಿ ಇದು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಮತ್ತೆ ಕೆಂಪು. ಬೆರಳು ಒರೆಸಿಕೊಳ್ಳಲು ಹೇಳಿದರು, ಬೇರೆ ಬೆರಳು ಇಡಿಸಿದರು, ಎಡಗೈ ಇಡಿಸಿದರು. ಎಲ್ಲಾ ಬೆರಳುಗಳೂ ಒಂದೇ ಉತ್ತರ ಹೇಳಿದವು.

ಏನು ಕೆಲಸ ಮಾಡುತ್ತೀರಿ ಎಂದು ಗುಮಾಸ್ತೆ ಕೇಳಿದಳು. ಶಿಶುವಿಹಾರದಲ್ಲಿ ಮಿಸ್ ಎಂದು ಲಕ್ಷ್ಮೀಪತಿಯೇ ಹೇಳಿದ. ಅದಕ್ಕೇ, ಅಂದಳು ಆಕೆ, ಸೀಮೆಸುಣ್ಣ ಹಿಡಿದೂ ಹಿಡಿದೂ ಗೆರೆಗಳು ಸವೆದುಹೋಗುತ್ತವೆ, ಬಟ್ಟೆ ಒಗೆಯುವವರಿಗೂ ಹೀಗೇ. ಕಣ್ಣು ತೋರಿಸುವ ಯಂತ್ರ ರಿಪೇರಿಗೆ ಹೋಗಿದೆ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ಮುಂದಿನ ವಾರ ಬನ್ನಿ.

ವಂಶಿ ಫೋನು ಹಿಡಿದು ಹೊರಗೆ ನಡೆದ. ಬಚ್ಚಪ್ಪ ಬಾಗಿಲ ಬಳಿಯಿಂದಲೇ ಕೈಮುಗಿದ.

"ಬತ್ತೀನಿ ವರಲಕ್ಷ್ಮಮ್ಮ. ಮುಂದಿನ್ ವಾರಾನೂ ನಾನೇ ಬತ್ತೀನಿ, ಏಳಿ ಕಳ್ಸಿ."

ಲಕ್ಷ್ಮೀಪತಿ ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿದ. ಕಾರ್ಖಾನೆಯಲ್ಲಿ ನೋಡುವ ಹಾಗೆ ಅಲ್ಲ, ನಿಜವಾದ ಮರುಕದಿಂದ. "ಎಷ್ಟ್ ಸವ್ದಿದೆ ನೋಡು," ಅಂದ. "ನನ್ಗೆ ಗೊತ್ತೇ ಆಗಿರ್ಲಿಲ್ಲ."

"ನನ್ಗೂ," ಅಂದಳು.

ಮುಂದಿನ ವಾರವೂ ಒತ್ತುವುದಿಲ್ಲ. ಅದರ ಮುಂದಿನ ವಾರವೂ. ಎಣ್ಣೆ ಹಚ್ಚಿಕೊಳ್ಳುತ್ತಾಳೆ, ಹೇಳಿದ ದಿನ ಬರುತ್ತಾಳೆ, ಭುಜ ಬಗ್ಗಿಸುತ್ತಾಳೆ. ಕಣ್ಣಿನ ಯಂತ್ರ ರಿಪೇರಿಯಾಗಿ ಬಂದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಕಣ್ಣನ್ನು ಕೂದಲೆಳೆಯಷ್ಟು ಮೇಲೆ ಹಿಡಿಯುವುದು ಹೇಗೋ. ಅದು ಆಗಿನ ಮಾತು. ಗಂಡನ ಕೈಯಿಂದ ಬೆರಳುಗಳನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದಳು. ಹಸಿವಾಗಿತ್ತು. ಮನಸ್ಸು ಹಗುರವಾಗಿತ್ತು. ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ.

ಬಾಗಿಲ ಬಳಿ ತಿರುಗಿ ನೋಡಿದಳು. ಕ್ಯಾಮೆರಾ ಇನ್ನೂ ಆರಿರಲಿಲ್ಲ. ಗುಮಾಸ್ತೆಯ ಪರದೆಯ ಮೇಲೆ ಅವಳು ಎದ್ದುಬಂದ ಕುರ್ಚಿ, ಹಿಂದಿನ ನೀಲಿ ಗೋಡೆ. ಅದರ ಕೆಳಗೆ ತಮಿಳಿನಲ್ಲಿ ಎರಡು ಹೆಸರುಗಳೂ ಒಂದೇ ಸಾಲಿನಲ್ಲಿ ಕೂತಿದ್ದವು. ಜವಾನ ಮುಂದಿನವರನ್ನು ಕೂಗಿದ. ಒಬ್ಬ ಹೆಂಗಸು ಬಂದು ಆ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಗುಮಾಸ್ತೆ ಟೀ ಕುಡಿಯುತ್ತಿದ್ದಳು, ಹೆಸರು ಬದಲಾಯಿಸಿರಲಿಲ್ಲ. ಆ ಹೆಂಗಸು ಯಾರೂ ಹೇಳುವ ಮೊದಲೇ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಮಿಟುಕಿಸದೆ, ಪರದೆಯಲ್ಲಿ ಆ ಎರಡು ಹೆಸರುಗಳ ಮೇಲೆ ಕೂತು ಕ್ಯಾಮೆರಾವನ್ನೇ ನೋಡುತ್ತಿದ್ದಳು.